ಎಣ್ಣೆನೀರಿಗೆ ಅಳಿಸಿದ ಗೆರೆ

ರೇಡಿಯೇಷನ್ನಿಗೆಂದು ನನ್ನ ಎದೆಯ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದ ದಿನ ನಾನು ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಮೂಲಕಲ್ಲು ಎಲ್ಲಿದೆ?" ಎಂಬುದು. ಗೆರೆ ಎಳೆಯುತ್ತಿದ್ದ ಟೆಕ್ನಿಷಿಯನ್ ಪೆನ್ನನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು. ಕೀಮೋ ತಲೆಗೆ ಏರಿದೆ ಎಂದುಕೊಂಡಳೋ ಏನೋ. ನಾನು ತಾಲ್ಲೂಕು ಕಚೇರಿಯ ಸರ್ವೆಯರ್, ಜಮೀನು ಅಳೆಯುವವಳು, ಅಳತೆ ಶುರುವಾಗುವ ಕಲ್ಲಿಗೆ ನಾವು ಹಾಗೆನ್ನುತ್ತೇವೆ ಎಂದ ಮೇಲೆ ನಕ್ಕಳು.

"ಮೂಲಕಲ್ಲು ಸ್ಕ್ಯಾನ್‌ನಲ್ಲಿದೆ ಮೇಡಂ. ದಿನಾ ನೀವು ಇಲ್ಲಿ ಮಲಗಿದಾಗ ಗೋಡೆಯಿಂದ ಲೇಸರ್ ಬರುತ್ತೆ. ಅದು ಈ ಗೆರೆ ಮೇಲೆ ಸರಿಯಾಗಿ ಕೂತ್ರೆ ನೀವು ಸ್ಕ್ಯಾನ್ ದಿನ ಮಲಗಿದ ಹಾಗೇ ಮಲಗಿದ್ದೀರ ಅಂತ ಲೆಕ್ಕ. ಗೆರೆ ಹೋದ್ರೆ ಎಲ್ಲ ಮೊದಲಿಂದ. ಅದಕ್ಕೇ ಐದು ವಾರ ಈ ಜಾಗಕ್ಕೆ ಸೋಪು, ಎಣ್ಣೆ, ನೀರು ಏನೂ ಸೋಕಿಸಬಾರದು."

ಅಷ್ಟು ಕಷ್ಟವೆನಿಸಿದರೆ ಗೆರೆಯ ಬದಲು ಹಚ್ಚೆಯ ಚುಕ್ಕೆ ಹಾಕುತ್ತೇವೆ, ಸೂಜಿಮೊನೆಯಷ್ಟು, ಮೂರೇ ಮೂರು, ಜನ್ಮಕ್ಕೂ ಅಳಿಸುವುದಿಲ್ಲ ಎಂದೂ ಹೇಳಿದಳು. ನಾನು ಬೇಡವೆಂದೆ. ಎಡಗಡೆಯ ಮೊಲೆ ಹೋಗಿತ್ತು, ತಲೆಗೂದಲು ಹೋಗಿತ್ತು, ಹುಬ್ಬು ಹೋಗಿತ್ತು, ಕಾಲಿನ ಎರಡು ಉಗುರು ಕಪ್ಪಾಗಿ ಉದುರಿದ್ದವು. ಇಷ್ಟೆಲ್ಲ ಕಿತ್ತುಕೊಂಡ ರೋಗಕ್ಕೆ ನನ್ನ ಮೈಮೇಲೆ ಶಾಶ್ವತವಾಗಿ ರುಜು ಹಾಕಲು ಬೇರೆ ಬಿಡಬೇಕೇ ಎಂದು ಸಿಟ್ಟು ಬಂದಿತ್ತು. ಗೆರೆಯಾದರೆ ಇದ್ದು ಹೋಗುತ್ತದೆ. ಹಟಮಾರಿ ಎಂದು ಕಚೇರಿಯಲ್ಲಿ ನನಗೆ ಹೆಸರಿದೆ, ಆಸ್ಪತ್ರೆಯಲ್ಲೂ ಅದನ್ನು ಉಳಿಸಿಕೊಂಡೆ.

ಗಂಟು ಕೈಗೆ ಸಿಕ್ಕಿದ್ದು ಶಿವರಾತ್ರಿ ಕಳೆದ ವಾರ, ಅಜ್ಜಂಪುರದ ಹತ್ತಿರದ ಒಂದು ಹೊಲದಲ್ಲಿ. ನನ್ನ ಜಮೀನಿನ ಗಡಿ ಎಲ್ಲಿದೆ, ಅಳೆದು ಕಲ್ಲು ನೆಟ್ಟುಕೊಡಿ ಎಂದು ರೈತರು ಹಾಕುವ ಅರ್ಜಿಗೆ ನಮ್ಮಲ್ಲಿ ಹದ್ದುಬಸ್ತು ಎನ್ನುತ್ತಾರೆ. ಅಂಥದೇ ಒಂದು ಅರ್ಜಿಗೆ ಹೋಗಿದ್ದೆ. ಅಳತೆಯ ಯಂತ್ರದ ಮೂರುಕಾಲಿನ ಸ್ಟ್ಯಾಂಡನ್ನು ಎಡಹೆಗಲಿಗೆ ಏರಿಸಿದಾಗ ಅದರ ಪಟ್ಟಿ ಎದೆಗೆ ಒತ್ತಿತು. ಒಳಗೆ ಹುಣಸೆಬೀಜದಷ್ಟು ಏನೋ ತಡೆಯಿತು. ಒಂದು ಗಳಿಗೆ ನಿಂತೆ. ಬಿಸಿಲು ನೆತ್ತಿಗೆ ಬರುವ ಮೊದಲು ಕೆಲಸ ಮುಗಿಸಬೇಕಿತ್ತು, ಮುಂದೆ ನಡೆದೆ.

ಆ ಹೊಲದ ಮೂಲೆಗಲ್ಲು ನೋಡಿದ ಕೂಡಲೇ ನನಗೆ ಅನುಮಾನ ಬಂತು. ಹಳೇ ಕಲ್ಲು ಎಲ್ಲಾದರೂ ನೆಟ್ಟಗೆ ನಿಂತಿರುತ್ತದೆಯೇ? ದನ ಮೈ ಉಜ್ಜಿ, ನೇಗಿಲು ತಾಗಿ, ಮಳೆಗೆ ಮಣ್ಣು ಕುಸಿದು ಯಾವುದಾದರೂ ಕಡೆಗೆ ವಾಲಿಯೇ ಇರುತ್ತದೆ. ಈ ಕಲ್ಲು ಶಾಲೆಯ ಪ್ರಾರ್ಥನೆಗೆ ನಿಂತ ಮಗುವಿನ ಹಾಗೆ ನೇರವಾಗಿ ನಿಂತಿತ್ತು. ಅರ್ಜಿ ಹಾಕಿದ್ದ ಮುದುಕನನ್ನು ಕರೆದು ಕೇಳಿದೆ.

"ಕಲ್ಲು ಅದೇ ಕಣಮ್ಮ," ಎಂದ. "ಟ್ರಾಕ್ಟರ್ ತಾಗಿ ಬಿದ್ದಿತ್ತು. ಇದ್ದ ಜಾಗದಲ್ಲೇ ಎತ್ತಿ ನಿಲ್ಸಿದ್ದೀನಿ."

"ಇದ್ದ ಜಾಗ ಅದೇ ಅಂತ ನಿಂಗೆ ಹೆಂಗೆ ಗೊತ್ತು?"

"ಐವತ್ತು ವರ್ಷದಿಂದ ಉಳ್ತಾ ಇದ್ದೀನಿ. ನನ್ ಹೊಲ ನಂಗೆ ಗೊತ್ತಿಲ್ವಾ?"

"ಕಣ್ಣಳತೆ ಅಳತೆ ಅಲ್ಲ ಕಣಜ್ಜ. ಬಿದ್ದ ಕಲ್ಲು ಮುಟ್ಟಬಾರ್ದು, ಬಂದು ನಮಗೆ ಹೇಳ್ಬೇಕು. ಬಿದ್ದೋಯ್ತು ಅಂತ ಹೇಳೋಕೆ ನಾಚಿಕೆ, ಕದ್ದು ನೆಡೋಕೆ ನಾಚಿಕೆ ಇಲ್ವಾ?"

ಅಕ್ಕಪಕ್ಕದ ಹೊಲದವರೆಲ್ಲ ನಿಂತು ಕೇಳುತ್ತಿದ್ದರು. ಮುದುಕ ತಲೆ ತಗ್ಗಿಸಿದ. ಅಳೆದು ನೋಡಿದರೆ ಕಲ್ಲು ಒಂದು ಮಾರು ತಪ್ಪಿತ್ತು. ಅದೂ ಅವನದೇ ಹೊಲದ ಒಳಕ್ಕೆ, ತನಗೇ ನಷ್ಟವಾಗುವ ಕಡೆಗೆ. ಪಾಪ, ಮೋಸ ಮಾಡಿರಲಿಲ್ಲ, ಅದೇ ಜಾಗವೆಂದು ನಂಬಿ ನೆಟ್ಟಿದ್ದ. ಅಷ್ಟು ಗೊತ್ತಾದ ಮೇಲೂ ನಾನು ಅವನಿಗೆ ಒಂದು ಒಳ್ಳೆಯ ಮಾತು ಹೇಳದೆ ಜೀಪು ಹತ್ತಿದೆ.

ಹದಿನೈದು ದಿನಕ್ಕೆ ರೋಗಕ್ಕೆ ಹೆಸರು ಬಂತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಹೇಳುತ್ತಿದ್ದಾಗ ನಾನು ಕೇಳಿದ್ದು ಒಂದೇ, ಎಷ್ಟು ಸೆಂಟಿಮೀಟರ್ ಎಂದು. ಎರಡೂಕಾಲು ಎಂದರು. ಒಂದು ಅಂಕಿ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ಬಸ್ ಸ್ಟ್ಯಾಂಡಿಗೆ ಬಂದು ಕೂತ ಮೇಲೆ ಕಾಲು ಗಡಗಡ ನಡುಗಲು ಶುರುವಾಯಿತು, ಮನೆಯವರು ನನ್ನ ಎರಡೂ ಮೊಣಕಾಲನ್ನು ಒತ್ತಿ ಹಿಡಿದು ಕೂತರು. ಅವರು ತರೀಕೆರೆಯಲ್ಲಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಎಂಥ ಏಟಿಗೂ ಅವರ ಹತ್ತಿರ ಐಸ್ ಇರುತ್ತದೆ, ಅವತ್ತು ಇರಲಿಲ್ಲ.

ಆಪರೇಷನ್ ಆಯಿತು, ಆಮೇಲೆ ಮೂರು ವಾರಕ್ಕೊಂದರಂತೆ ಎಂಟು ಕೀಮೋ. ಬಾಯಿಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ರುಚಿ. ಅನ್ನದ ವಾಸನೆಗೆ ವಾಂತಿ. ಹೊಲ ಹೊಲ ತಿರುಗುತ್ತಿದ್ದವಳು ತರೀಕೆರೆಯ ಮನೆಯ ಒಂದು ಕೋಣೆಯಲ್ಲಿ ಆರು ತಿಂಗಳು ಮಲಗಿದೆ. ಕಿಟಕಿಯಿಂದ ಕಾಣುತ್ತಿದ್ದುದು ಎದುರುಮನೆಯ ನೀರಿನ ಟ್ಯಾಂಕು, ಅದರ ಮೇಲೊಂದು ಕಾಗೆ. ನೋಡಲು ಬಂದವರೆಲ್ಲ ಧೈರ್ಯವಾಗಿರು ಎನ್ನುತ್ತಿದ್ದರು. ಎದ್ದು ಹೋಗಲಾಗದೆ ಬಿದ್ದವಳಿಗೆ ಧೈರ್ಯ ಯಾತಕ್ಕೆ ಬೇಕು? ಓಡಿಹೋಗುವ ದಾರಿ ಇದ್ದವರಿಗೆ ತಾನೇ ಧೈರ್ಯ, ಪುಕ್ಕಲುತನ ಎಂಬ ಎರಡು ದಾರಿ? ಬಂದವರು ತಂದ ಎಳನೀರನ್ನು ನೋಡಿದರೂ ಕೋಪ ಬರುತ್ತಿತ್ತು.

ಕೋಪ ತಡೆದುಕೊಂಡದ್ದು ಅತ್ತೆಯ ಮುಂದೆ ಮಾತ್ರ. ಎಮ್ಮೆದೊಡ್ಡಿ ಕಡೆಯ ಹೆಂಗಸು, ಎಪ್ಪತ್ತು ದಾಟಿದೆ, ಮುಂಗೈ ತುಂಬ ಹಸಿರು ಹಚ್ಚೆ. ಅವರು ಒಂದು ದಿನವೂ ಧೈರ್ಯದ ಮಾತಾಡಲಿಲ್ಲ. ವಾಂತಿಯ ಬಕೆಟ್ಟನ್ನು ತೊಳೆದು ತಂದಿಡುತ್ತಿದ್ದರು, "ಇನ್ನೊಂದ್ಸಲ ಬಂದ್ರೆ ಬರ್ಲಿ, ಖಾಲಿ ಮಾಡಿದ್ದೀನಿ," ಎನ್ನುತ್ತಿದ್ದರು. ಗಾಯದ ಜಾಗವನ್ನು ಮಾತ್ರ ನಾನು ಅವರಿಗೆ ತೋರಿಸಿರಲಿಲ್ಲ.

ರೇಡಿಯೇಷನ್ ಇಪ್ಪತ್ತೈದು ಸಿಟ್ಟಿಂಗ್. ಸೋಮವಾರದಿಂದ ಶುಕ್ರವಾರ ದಿನಾ ಬೆಳಗ್ಗೆ ತರೀಕೆರೆಯಿಂದ ಶಿವಮೊಗ್ಗಕ್ಕೆ ರೈಲು, ಮಧ್ಯಾಹ್ನ ವಾಪಸ್ಸು. ಅದೇ ಬೋಗಿಗೆ ಕಡೂರಿನಿಂದ ಬರುತ್ತಿದ್ದ ಒಬ್ಬ ಹೆಂಗಸು ನನಗೆ ಕಿಟಕಿ ಪಕ್ಕದ ಜಾಗ ಹಿಡಿದಿರುತ್ತಿದ್ದರು. ಅವರೂ ಅದೇ ರೋಗದವರು, ಅದೇ ಮಿಷಿನ್ನಿನವರು, ಅಂಗನವಾಡಿಯಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದರು. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ನನಗಿಂತ ಚೊಕ್ಕ ಕನ್ನಡ. ಅವರು ಮೊದಲ ದಿನವೇ ಹಚ್ಚೆಯ ಚುಕ್ಕೆ ಹಾಕಿಸಿಕೊಂಡಿದ್ದರು.

"ನಮ್ಮಲ್ಲಿ ಹಚ್ಚೆ ಹಾಕಿಸ್ಕೊಳ್ಳೋ ಹಂಗಿಲ್ಲ ಕಣ್ರೀ," ಎಂದಿದ್ದರು. "ಮಸೀದಿ ಹಜರತ್ರನ್ನ ಕೇಳಿಸ್ದೆ. ಔಷಧಿಗೆ ಅಂದ್ರೆ ತಪ್ಪಿಲ್ಲ ಅಂದ್ರು. ನಿಮ್ಗೆ ಯಾರು ಬೇಡ ಅಂದಿದ್ದು?"

"ಯಾರೂ ಇಲ್ಲ, ನಾನೇ."

"ಹಂಗಾದ್ರೆ ಕೇಳೋಕೂ ಯಾರೂ ಇಲ್ಲ ಬಿಡಿ," ಎಂದು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು.

ಸಿಟ್ಟಿಂಗ್ ಎಂದರೆ ಕೂರುವುದಲ್ಲ, ಮಲಗುವುದು. ಇಳಿಜಾರಿನ ಹಲಗೆಯ ಮೇಲೆ ಅಂಗಾತ ಮಲಗಿ, ಎರಡೂ ಕೈ ತಲೆಯ ಮೇಲೆತ್ತಿ ಒಂದು ಹಿಡಿಕೆ ಹಿಡಿಯಬೇಕು. ಕಂಕುಳಲ್ಲಿ ಹೊಲಿಗೆ ಬಿದ್ದ ಎಡಗೈ ಅಷ್ಟು ಮೇಲೆ ಹೋಗುವುದಿಲ್ಲ, ಹೋಗಿಸಬೇಕು. ಎದೆಯ ಮೇಲೆ ಬಟ್ಟೆ ಇಲ್ಲ. ಟೆಕ್ನಿಷಿಯನ್ ದೀಪ ಮಂಕು ಮಾಡಿ, ನನ್ನನ್ನು ಕೂದಲೆಳೆಯಷ್ಟು ಆ ಕಡೆಗೆ ಈ ಕಡೆಗೆ ಸರಿಸಿ, ಲೇಸರ್ ಗೆರೆಯ ಮೇಲೆ ಕೂತದ್ದು ನೋಡಿ, ಮಿಷಿನ್ನಿನಿಂದ ನನ್ನ ಚರ್ಮಕ್ಕಿರುವ ದೂರವನ್ನು ಸೆಂಟಿಮೀಟರಿನಲ್ಲಿ ಗಟ್ಟಿಯಾಗಿ ಓದುತ್ತಾಳೆ. ನನ್ನದು ದಿನಾ "ತೊಂಬತ್ತು ಪಾಯಿಂಟ್ ನಾಲ್ಕು." ಆಮೇಲೆ, "ಅಲುಗಾಡಬೇಡಿ ಮೇಡಂ, ಏನಾದ್ರೂ ಆದ್ರೆ ಬಲಗೈ ಬೀಸಿ, ಕ್ಯಾಮೆರಾದಲ್ಲಿ ನೋಡ್ತಿರ್ತೀವಿ," ಎಂದು ಹೊರಗೆ ಹೋಗುತ್ತಾಳೆ. ಗೋಡೆಯಷ್ಟು ದಪ್ಪದ ಬಾಗಿಲು ಮುಚ್ಚುತ್ತದೆ. ಮಿಷಿನ್ನು ಗುಂಯ್‌ಗುಟ್ಟುತ್ತ ಸುತ್ತುತ್ತದೆ. ನೋವಿಲ್ಲ, ಬಿಸಿಯಿಲ್ಲ. ಮೂಗು ತುರಿಸಿದರೂ ತುರಿಸಿಕೊಳ್ಳುವಂತಿಲ್ಲ. ಐದು ನಿಮಿಷ ಅಷ್ಟೇ. ಆದರೆ ಭಾನುವಾರ ಮನೆಯಲ್ಲಿದ್ದಾಗಲೂ ಯಾರಾದರೂ ಬಾಗಿಲು ಹಾಕಿದರೆ ಕೈ ತಾನಾಗಿ ಮೇಲೆ ಹೋಗುತ್ತಿತ್ತು.

ಬೇಜಾರು ಕಳೆಯಲು ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಮೊದಲ ವಾರವೇ ಸ್ಟೀಲ್ ಟೇಪು ಹಿಡಿದು ಕನ್ನಡಿಯ ಮುಂದೆ ನಿಂತು, ಎದೆಯ ನಡುವಿನ ಗೆರೆ ಗಂಟಲಗುಳಿಯಿಂದ ಎಷ್ಟು, ಪಕ್ಕೆಯಲ್ಲಿ ಎರಡು ಗೆರೆ ಅಡ್ಡ ಹಾಯುವ ಕತ್ತರಿಗೆರೆ ಹೊಕ್ಕುಳಿನಿಂದ ಎಷ್ಟು, ಹೊಟ್ಟೆಯ ಮೇಲಿನ ಮಚ್ಚೆಯಿಂದ ಎಷ್ಟು ಎಂದು ಅಳೆದು ಫೀಲ್ಡ್ ಬುಕ್ಕಿನಲ್ಲಿ ನಕ್ಷೆ ಬರೆದಿಟ್ಟೆ. ಹಾಳಾದ ಚಾಳಿ. ಆದರೆ ಆ ನಕ್ಷೆ ಬರೆದ ದಿನ ಮಾತ್ರ ಈ ದೇಹ ಸ್ವಲ್ಪ ಹೊತ್ತು ನನ್ನ ಸುಪರ್ದಿಗೆ ವಾಪಸ್ಸು ಬಂದಂತೆ ಅನ್ನಿಸಿತ್ತು.

ಹನ್ನೊಂದು ಸಿಟ್ಟಿಂಗ್ ಮುಗಿದವು. ಅಲ್ಲಿಗೆ ದೀಪಾವಳಿ ಬಂತು, ಆಸ್ಪತ್ರೆಯ ಆ ವಿಭಾಗಕ್ಕೆ ಮೂರು ದಿನ ರಜೆ. ನಮ್ಮ ಕಡೆ ನೀರು ತುಂಬುವ ಹಬ್ಬವೆಂದರೆ ಸಣ್ಣದಲ್ಲ. ಹಂಡೆ ತಿಕ್ಕಿ ಸುಣ್ಣ ಕೆಮ್ಮಣ್ಣು ಬಳಿದು, ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡುತ್ತಾರೆ. ಮರುದಿನ ಬೆಳಗ್ಗೆ ಮನೆಯ ಹಿರಿಹೆಂಗಸು ಒಬ್ಬೊಬ್ಬರನ್ನೇ ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿ ನೀರು ಹಾಕುತ್ತಾಳೆ. ಆ ದಿನ ಎಣ್ಣೆನೀರು ತಪ್ಪಿಸಿದವರನ್ನು ಬದುಕಿದವರ ಲೆಕ್ಕದಲ್ಲಿ ಇಡುವುದಿಲ್ಲ ಎಂಬಂತೆ ಅತ್ತೆ ಆಡುತ್ತಾರೆ.

"ತಲೆಗೆ ಮಾತ್ರ ಅತ್ತೆ," ಎಂದೆ. "ಕುತ್ತಿಗೆಗೆ ಟವೆಲ್ ಬಿಗೀತೀನಿ. ಬಗ್ಗಿ ಕೂರ್ತೀನಿ. ಒಂದು ಹನಿ ಎದೆಗೆ ಇಳೀಬಾರ್ದು."

"ಆಯ್ತು ಕಣೇ. ಶಾಸ್ತ್ರಕ್ಕೆ ಒಂದ್ ಗರಿಕೆ ಅದ್ದಿ ಮುಟ್ಟಿಸ್ತೀನಿ, ಸಾಕು."

ಬಚ್ಚಲಲ್ಲಿ ಒಲೆಯ ಹೊಗೆ, ಹಂಡೆಯಲ್ಲಿ ನೀರು ಮರಳುವ ಸದ್ದು. ಅತ್ತೆ ಗರಿಕೆಯಿಂದ ನೆತ್ತಿಗೆ ಮೂರು ಹನಿ ಬಿಟ್ಟರು. ಎರಡು ದಾರದೆಳೆಯಷ್ಟು ಹೊಸ ಕೂದಲು ಬಂದಿತ್ತು. ಅದರ ಮೇಲೆ ಅಂಗೈ ಇಟ್ಟು, "ಮರಿ ಕೋಳಿ ಆಗಿದ್ದೀಯಲ್ಲೇ," ಎಂದರು. ಆಮೇಲೆ ಶಾಸ್ತ್ರ ಮರೆತು ಎರಡೂ ಕೈಯಲ್ಲಿ ತಲೆ ತಿಕ್ಕತೊಡಗಿದರು. ನನಗೆ ಅಳು ಬಂತು. ಎಂಟು ತಿಂಗಳಿಂದ ನನ್ನನ್ನು ಮುಟ್ಟಿದವರೆಲ್ಲ ಏನಾದರೂ ಪರೀಕ್ಷೆ ಮಾಡಲು ಮುಟ್ಟಿದವರು, ಕೈಗವಸು ಹಾಕಿ ಮುಟ್ಟಿದವರು. ಮನೆಯವರು ಕೂಡ ಗಾಜಿನ ಲೋಟ ಹಿಡಿದಂತೆ ಹಿಡಿಯುತ್ತಿದ್ದರು.

"ಬೆನ್ನಿಗೆ ಒಂಚೂರು ಹಚ್ಲಾ?" ಎಂದು ಅತ್ತೆ ಕೇಳಿದರು.

ಹೂಂ ಎಂದವಳು ನಾನೇ. ಟವೆಲ್ ಬಿಚ್ಚಿದವಳೂ ನಾನೇ. ಇದನ್ನು ಯಾರ ಮೇಲೂ ಹಾಕುವಂತಿಲ್ಲ. ಬೆನ್ನಿನಿಂದ ಹೆಗಲಿಗೆ, ಹೆಗಲಿನಿಂದ ಮುಂದಕ್ಕೆ ಕೈ ಬಂದು ಗಾಯದ ಗೆರೆಯ ಹತ್ತಿರ ನಿಂತಿತು. ಅತ್ತೆ ಅದನ್ನು ನೋಡಿದ್ದು ಅದೇ ಮೊದಲು.

"ಇಷ್ಟು ದಿನ ಇದನ್ನ ಒಬ್ಳೇ ಇಟ್ಕೊಂಡಿದ್ಯಾ," ಎಂದು ಅದರ ಮೇಲೆ ಎಣ್ಣೆಯ ಅಂಗೈ ಇಟ್ಟರು. "ಉರೀತಾ?"

"ಇಲ್ಲ ಅತ್ತೆ."

ಉರಿಯುತ್ತಿತ್ತು. ರೇಡಿಯೇಷನ್ನಿಗೆ ಕಪ್ಪಾದ ಚರ್ಮ ಮೆಣಸಿನಕಾಯಿ ತಾಗಿದಂತೆ ಉರಿಯುತ್ತಿತ್ತು. ಆದರೂ ಕೈ ತೆಗೆಯಿರಿ ಎನ್ನಲು ಬಾಯಿ ಬರಲಿಲ್ಲ. ಸೀಗೆಪುಡಿ ಹಾಕಿದರು, ಚೊಂಬು ಚೊಂಬು ಬಿಸಿನೀರು ಹಾಕಿದರು. ಕಣ್ಣು ಮುಚ್ಚಿ ಕೂತಿದ್ದೆ. ಅರ್ಧ ಗಂಟೆ ನನಗೆ ಯಾವ ರೋಗವೂ ಇರಲಿಲ್ಲ.

ಕೋಣೆಗೆ ಬಂದು ಕನ್ನಡಿ ನೋಡಿಕೊಂಡಾಗ ಎದೆಯ ಮೇಲೆ ಒಂದು ಗೆರೆಯೂ ಉಳಿದಿರಲಿಲ್ಲ. ಟವೆಲ್ಲಿಗೆ ನೇರಳೆ ಹತ್ತಿತ್ತು. ಅದನ್ನು ಸುತ್ತಿ ಕೊಳೆಬಟ್ಟೆಯ ಬುಟ್ಟಿಯ ತಳಕ್ಕೆ ತುರುಕಿ ಮಂಚದ ಮೇಲೆ ಕೂತೆ. ಹೊರಗೆ ಅತ್ತೆ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಹಾಡಿಕೊಳ್ಳುತ್ತ ಹೋಳಿಗೆಗೆ ಹಿಟ್ಟು ನಾದುತ್ತಿದ್ದರು.

ಮಧ್ಯಾಹ್ನ ಮನೆಯವರನ್ನು ಕೋಣೆಗೆ ಕರೆದು ತೋರಿಸಿದೆ. ಅವರ ಮುಖ ಬಿಳಿಚಿತು. "ಆಸ್ಪತ್ರೆಗೆ ಫೋನ್ ಮಾಡಿ ಹೇಳೋಣ," ಎಂದರು.

"ಹೇಳಿದ್ರೆ ಮತ್ತೆ ಸ್ಕ್ಯಾನು. ಅದರ ಸಾಲು ನೋಡಿದ್ದೀರಲ್ಲ, ಎಂಟು ಹತ್ತು ದಿನ ಆಗುತ್ತೆ. ಮಧ್ಯೆ ಬಿಡಬಾರ್ದು ಅಂತ ಡಾಕ್ಟರು ಬಡ್ಕೊಂಡಿದ್ದಾರೆ. ಅದಿರ್ಲಿ, ನಿಮ್ಮಮ್ಮನಿಗೆ ಏನು ಹೇಳ್ತೀರ? ನೀನು ಹಚ್ಚಿದ ಎಣ್ಣೆಯಿಂದ ಸೊಸೆ ಟ್ರೀಟ್‌ಮೆಂಟ್ ನಿಂತೋಯ್ತು ಅಂತ ಹೇಳ್ತೀರಾ?"

ನಾನು ಫೀಲ್ಡ್ ಬುಕ್ ತೆಗೆದೆ. ನಕ್ಷೆ ಇತ್ತು, ಅಳತೆ ಇತ್ತು, ಇಪ್ಪತ್ತು ವರ್ಷದ ಕೈ ಇತ್ತು. ಅವರು ಟೇಪಿನ ತುದಿಯನ್ನು ಗಂಟಲಗುಳಿಗೆ ಒತ್ತಿ ಹಿಡಿದರು, ನಾನು ಕನ್ನಡಿಯಲ್ಲಿ ನೋಡುತ್ತ ಗುರುತು ಹಾಕಿದೆ. ಖೋಖೋ ಅಂಕಣಕ್ಕೆ ಸುಣ್ಣದ ಗೆರೆ ಎಳೆದು ರೂಢಿಯಿದ್ದ ಅವರು ಪಕ್ಕೆಯ ಕತ್ತರಿಗೆರೆಯನ್ನು ಸ್ಕೇಲ್ ಇಟ್ಟು ಎಳೆದರು. ನೇರಳೆ ಮಾರ್ಕರ್ ಅವರ ಶಾಲೆಯದೇ. ಮುಗಿದ ಮೇಲೆ ನೋಡಿದರೆ ಒಂದು ನೂಲೂ ಆಚೀಚೆ ಇರಲಿಲ್ಲ. ಅಬ್ಬಾ ಎಂದು ಉಸಿರು ಬಿಟ್ಟು ಹೋಳಿಗೆ ತಿಂದೆ.

ರಜೆ ಮುಗಿದ ದಿನ ರೈಲಿನಲ್ಲಿ ಕಡೂರಿನ ಹೆಂಗಸಿಗೆ ಇದನ್ನೆಲ್ಲ ಜಂಬದಿಂದ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ.

"ನಿಮ್ ಮೈ ಮೇಲೆ ನೀವೇ ಸರ್ವೆ ಮಾಡ್ಕೊಂಡ್ರಾ," ಎಂದರು. ನಗಲಿಲ್ಲ. "ನಿಂತ್ಕೊಂಡು ಅಳತೆ ಮಾಡಿದ್ರಾ, ಮಲಗಿ ಮಾಡಿದ್ರಾ?" ಎಂದು ಕೇಳಿದರು.

"ನಿಂತು. ಯಾಕೆ?"

"ಏನಿಲ್ಲ. ಅಲ್ಲಿ ಮಲಗಿಸ್ತಾರಲ್ಲ, ಅದಕ್ಕೆ ಕೇಳ್ದೆ."

ನಾವು ನಿಂತರೂ ಕೂತರೂ ಭೂಮಿ ಅಲ್ಲೇ ಇರುತ್ತದೆ, ಅದರ ಮೇಲೆ ನೆಟ್ಟ ಕಲ್ಲು ಜಾರುವುದಿಲ್ಲ. ಚರ್ಮ ಹಾಗಲ್ಲ. ಕೈ ಮೇಲೆತ್ತಿದರೆ ಎಳೆಯುತ್ತದೆ, ಮಲಗಿದರೆ ಪಕ್ಕಕ್ಕೆ ಹರಿಯುತ್ತದೆ. ಅವರು ಗೆರೆ ಎಳೆದದ್ದು ನಾನು ಮಲಗಿ ಕೈ ಎತ್ತಿದ್ದಾಗ. ಹಾಗೆ ಎಳೆದ ಗೆರೆಯನ್ನು ನಾನು ನಿಂತು ಕೈ ಇಳಿಬಿಟ್ಟು ಅಳೆದಿದ್ದೆ. ಪರವಾಗಿಲ್ಲ, ಮತ್ತೆ ನಿಂತೇ ಹಾಕಿದೆನಲ್ಲ, ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಆದರೆ ಮೊದಲು ಅಳೆಯುವಾಗ ಎಡಗೈ ಸೊಂಟದ ಮೇಲಿತ್ತೋ, ಕನ್ನಡಿಯ ಚೌಕಟ್ಟು ಹಿಡಿದಿತ್ತೋ ನೆನಪಾಗಲಿಲ್ಲ. ಅದನ್ನು ನಾನು ಬರೆದಿಟ್ಟಿರಲಿಲ್ಲ. ಇಪ್ಪತ್ತು ವರ್ಷ ಸರ್ವೆ ಮಾಡಿದವಳು ಯಂತ್ರ ಎಲ್ಲಿ ನಿಂತಿತ್ತು ಎಂಬುದನ್ನೇ ಬರೆಯದೆ ಬಿಟ್ಟಿದ್ದೆ.

ರಜೆ ಮುಗಿದ ದಿನವಾದ್ದರಿಂದ ಆಸ್ಪತ್ರೆಯಲ್ಲಿ ಜನ ಕಿಕ್ಕಿರಿದಿದ್ದರು. ಹಲಗೆಯ ಮೇಲೆ ಮಲಗಿದೆ, ಕೈ ಎತ್ತಿದೆ. ಟೆಕ್ನಿಷಿಯನ್ ನನ್ನನ್ನು ಸರಿಸಿದಳು. ಮತ್ತೆ ಸರಿಸಿದಳು. ದಿನಾ ಎರಡು ಸಲಕ್ಕೆ ಮುಗಿಯುತ್ತಿದ್ದುದು ಐದಾರು ಸಲವಾಯಿತು. ನನ್ನ ಸೊಂಟ ಸ್ವಲ್ಪ ತಿರುಗಿದಂತೆ ಅನ್ನಿಸಿತು. ಕೊನೆಗೆ ಲೇಸರ್ ಗೆರೆಯ ಮೇಲೆ ಕೂತಿತು. ಅವಳು ದೂರ ಓದಿದಳು.

"ಎಂಬತ್ತೊಂಬತ್ತು ಪಾಯಿಂಟ್ ಆರು." ಅಂಕಿಯನ್ನು ಇನ್ನೊಮ್ಮೆ ನೋಡಿ, "ಹಬ್ಬದ ಊಟ ಜೋರಾಗಿತ್ತಾ ಮೇಡಂ? ಮೈ ಕೈ ತುಂಬ್ಕೊಂಡಿದ್ದೀರ," ಎಂದಳು. ನಾನು ಹೂಂ ಎಂದೆ. "ಇವತ್ತಿಂದು ಆದ್ಮೇಲೆ ಡಾಕ್ಟರ್‌ಗೆ ಒಂದ್ಸಲ ತೋರ್ಸೋಣ. ಅಲುಗಾಡಬೇಡಿ."

ಚಪ್ಪಲಿಯ ಸದ್ದು ದೂರವಾಯಿತು. ಬಾಗಿಲು ಮುಚ್ಚಿತು.

ಎಂಟು ಮಿಲಿಮೀಟರ್. ಮೂರು ದಿನದ ಹೋಳಿಗೆ ಎದೆಯ ಮೂಳೆಯ ಮೇಲೆ ಎಂಟು ಮಿಲಿಮೀಟರ್ ಮಾಂಸ ಬೆಳೆಸುವುದಿಲ್ಲ. ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕೈ 'ಬೀಸು' ಎನ್ನುತ್ತಿತ್ತು, ಬಾಯಿ 'ಬಿದ್ದಿರು' ಎನ್ನುತ್ತಿತ್ತು. ಬೀಸಿದರೆ ಈ ಹುಡುಗಿಯ ಮುಂದೆ, ಡಾಕ್ಟರ ಮುಂದೆ, ಹೊರಗೆ ಕಾದ ಅಷ್ಟು ಜನರ ಮುಂದೆ ಕಳ್ಳಿಯಾಗಿ ನಿಲ್ಲಬೇಕು. ಮತ್ತೆ ಸ್ಕ್ಯಾನು, ಮತ್ತೆ ಸಾಲು, ಅರ್ಧ ಮುಗಿಯುತ್ತ ಬಂದಿದ್ದ ಈ ಸೆರೆ ಇನ್ನಷ್ಟು ಉದ್ದ. ಮಲಗಿದ್ದರೆ ಐದು ನಿಮಿಷ. ಯಾರಿಗೂ ಗೊತ್ತಾಗುವುದಿಲ್ಲ. ಒಳಗೆ ಎಲ್ಲಿಗೆ ಬೀಳಬೇಕಾದ ಕಿರಣ ಎಲ್ಲಿಗೆ ಬಿತ್ತು ಎಂಬುದು ವರ್ಷಗಳ ಮೇಲೆ ಗೊತ್ತಾದರೆ ಆಯಿತು, ಇಲ್ಲವಾದರೆ ಇಲ್ಲ.

ಮಿಷಿನ್ನು ಗುಂಯ್ ಎಂದಿತು. ಆಗ ನೆನಪಾದದ್ದು ದೇವರಲ್ಲ, ಅಜ್ಜಂಪುರದ ಆ ಮುದುಕ. ತಲೆ ತಗ್ಗಿಸಿ ನಿಂತಿದ್ದವನು. ತನ್ನ ಹೊಲಕ್ಕೇ ನಷ್ಟವಾಗುವ ಹಾಗೆ ಕಲ್ಲು ನೆಟ್ಟು, ಅದೇ ಜಾಗ ಎಂದು ನಂಬಿದ್ದವನು. ಹೇಳೋಕೆ ನಾಚಿಕೆ, ನೆಡೋಕೆ ನಾಚಿಕೆ ಇಲ್ವಾ ಎಂದು ಊರ ಮುಂದೆ ಕೇಳಿದ್ದ ನನ್ನದೇ ದನಿ ಕಿವಿಗೆ ಬಿತ್ತು.

ಬಲಗೈ ಹಿಡಿಕೆ ಬಿಟ್ಟೆ. ಬೀಸಿದೆ. ಕಾಣಲಿಲ್ಲವೇನೋ ಎಂದು ಎರಡೂ ಕೈ ಬೀಸಿದೆ.

ಗುಂಯ್ ನಿಂತಿತು. ಬಾಗಿಲು ತೆರೆದು ಅವಳು ಓಡಿಬಂದಳು. "ಏನಾಯ್ತು ಮೇಡಂ? ಉಸಿರು ಕಟ್ತಾ? ಇನ್ನೂ ಆನ್ ಮಾಡಿರ್ಲಿಲ್ಲ, ಬರೀ ತಿರುಗಿಸ್ತಿದ್ವಿ."

"ಈ ಗೆರೆ ನಿಮ್ದಲ್ಲ," ಎಂದೆ. "ಎಣ್ಣೆನೀರಿಗೆ ನಿಮ್ಮ ಗೆರೆ ಹೋಯ್ತು. ಇದು ನಾನು ಹಾಕ್ಕೊಂಡಿದ್ದು."

ಬಯ್ಯುತ್ತಾಳೆ ಎಂದು ಕಾದೆ. ಅವಳು ದೀಪ ಹಾಕಿ, ಬಗ್ಗಿ ಬಹಳ ಹೊತ್ತು ನೋಡಿದಳು. "ಅದಕ್ಕೇ ಅನ್ಕೊಂಡೆ," ಎಂದಳು. "ನಾವು ಹಾಕಿದ ಗೆರೆ ಇಷ್ಟು ನೆಟ್ಟಗೆ ಇರಲ್ಲ."

ಬಟ್ಟೆ ಹಾಕಿಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಕಡೂರಿನ ಹೆಂಗಸು ನನ್ನ ಪಕ್ಕಕ್ಕೆ ಸರಿದು ಕೂತರು. ಡಾಕ್ಟರು ಕೂಗಾಡಲಿಲ್ಲ, ಆದರೆ ಸಮಾಧಾನವನ್ನೂ ಹೇಳಲಿಲ್ಲ. "ಎಣ್ಣೆ ಹಚ್ಚಿದ್ದು ತಪ್ಪು, ಗೆರೆ ಎಳೆದದ್ದು ಅದಕ್ಕಿಂತ ದೊಡ್ಡ ತಪ್ಪು, ಹೇಳಿದ್ದು ಸರಿ," ಎಂದು ಮೂರನ್ನೂ ಒಂದೇ ದನಿಯಲ್ಲಿ ಹೇಳಿ ಸ್ಕ್ಯಾನಿಗೆ ಬರೆದರು. ಸರದಿ ಬರಲು ಒಂಬತ್ತು ದಿನ ಹಿಡಿಯಿತು. ಅತ್ತೆಗೆ ಆಸ್ಪತ್ರೆಯ ಮಿಷಿನ್ ಕೆಟ್ಟಿದೆ ಎಂದೆ. ಆ ಒಂಬತ್ತು ದಿನ ನಾನು ಬದುಕಿನಲ್ಲಿ ಕಳೆದ ಅತಿ ಕೆಟ್ಟ ದಿನಗಳು. ಒಳಗೆ ಉಳಿದಿರಬಹುದಾದ ಒಂದು ಕಣ ಈ ರಜೆಯಲ್ಲಿ ಚಿಗುರುತ್ತಿದೆ ಎಂದು ಹಗಲೆಲ್ಲ ಕಂಕುಳು ಒತ್ತಿ ನೋಡಿಕೊಳ್ಳುತ್ತಿದ್ದೆ. ಅತ್ತೆ ಬಂದು ಬಾಗಿಲಲ್ಲಿ ನಿಂತರೆ ಕೈ ಇಳಿಸುತ್ತಿದ್ದೆ.

ಹೊಸ ಸ್ಕ್ಯಾನ್ ಆದ ಮೇಲೆ ಹಳೆಯ ಗುರುತು, ನಾನು ಹಾಕಿದ ಗುರುತು ಎರಡನ್ನೂ ಹೋಲಿಸಿ ಟೆಕ್ನಿಷಿಯನ್ ತೋರಿಸಿದಳು. ಪಕ್ಕೆಯ ಕತ್ತರಿಗೆರೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಒಳಕ್ಕೆ ತಪ್ಪಿತ್ತು.

"ಅದರ ಕೆಳಗೆ ಏನಿದೆ?" ಎಂದು ಕೇಳಿದೆ.

"ಹಾರ್ಟು," ಎಂದಳು.

ಈ ಸಲ ನಾನೇ ಹಚ್ಚೆ ಹಾಕು ಎಂದೆ. ಶಾಯಿಯ ಹನಿಯ ಮೇಲೆ ಸೂಜಿ ಚುಚ್ಚಿದಳು, ಇರುವೆ ಕಚ್ಚಿದಷ್ಟು ನೋವು. ಮೂರು ಚುಕ್ಕೆ. ಹುಡುಕಿದರೆ ಮಾತ್ರ ಕಾಣುತ್ತವೆ. ಉಳಿದ ಹದಿನಾಲ್ಕು ಸಿಟ್ಟಿಂಗಿಗೆ ಇನ್ನೊಂದು ಸೇರಿಸಿ ಹದಿನೈದು ಮಾಡಿದರು. ಮನೆಯಲ್ಲಿ ಯಾರಾದರೂ ಬಾಗಿಲು ಹಾಕಿದಾಗ ಕೈ ಮೇಲೆ ಹೋಗುವುದು ಕೊನೆಯ ದಿನದವರೆಗೂ ನಿಲ್ಲಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೆಲಸಕ್ಕೆ ಹೋದೆ. ಎಡಗೈ ಊದಿಕೊಳ್ಳುತ್ತದೆ, ಸ್ಟ್ಯಾಂಡನ್ನು ಬೇರೆಯವರು ಹೊರುತ್ತಾರೆ. ಆ ಮುದುಕನ ಊರಿಗೆ ಇನ್ನೊಬ್ಬರ ಅರ್ಜಿಗೆ ಹೋಗಿದ್ದಾಗ ಅವನನ್ನು ಹುಡುಕಿಸಿ, "ಅವತ್ತು ಜಾಸ್ತಿ ಮಾತಾಡ್ದೆ ಕಣಜ್ಜ," ಎಂದೆ. ಅವನಿಗೆ ನೆನಪೇ ಇರಲಿಲ್ಲ. "ಆಫೀಸಿನೋರು ಅಂದ್ಮೇಲೆ ಬಯ್ತಾರಪ್ಪ," ಎಂದು ಮಜ್ಜಿಗೆ ಕೊಟ್ಟ. ಆರು ತಿಂಗಳಿಗೊಮ್ಮೆ ಪರೀಕ್ಷೆ ಇದೆ. ಅದರ ಹಿಂದಿನ ವಾರ ನಾನು ಮತ್ತೆ ಆ ಹಲಗೆಯ ಮೇಲೆ ಮಲಗಿರುತ್ತೇನೆ, ಮನೆಯಲ್ಲಿ ಓಡಾಡಿಕೊಂಡಿದ್ದರೂ.

ಮತ್ತೆ ನೀರು ತುಂಬುವ ಹಬ್ಬ ಬಂತು. ಅತ್ತೆ ಹಂಡೆಗೆ ಬಳ್ಳಿ ಸುತ್ತಿದರು. ಬೆಳಗ್ಗೆ ತಮ್ಮ ಮಗನಿಗೆ ಎಣ್ಣೆ ಹಚ್ಚಿದರು. ನನ್ನ ಸರದಿ ಬಂದಾಗ ಬಟ್ಟಲನ್ನು ಮಣೆಯ ಪಕ್ಕ ಇಟ್ಟು ಎದ್ದರು.

"ನೀನೇ ಹಚ್ಕೊಳೇ."

"ಯಾಕತ್ತೆ?"

"ನನ್ ಕೈ ಒಳ್ಳೇದಲ್ಲ."

ಒಲೆಗೆ ಕಟ್ಟಿಗೆ ಒಟ್ಟುತ್ತ, ನನ್ನ ಕಡೆ ತಿರುಗದೆ ಹೇಳಿದರು. "ಹೋದ ವರ್ಷ ಆ ಟವೆಲ್ ಒಗ್ದೋಳು ನಾನೇ ಕಣೇ. ಮೂರು ಸಲ ಒಗೆದ್ರೂ ಬಣ್ಣ ಬಿಡ್ಲಿಲ್ಲ. ನೀನು ಮಿಷಿನ್ ಕೆಟ್ಟಿದೆ ಅಂದೆ. ಮಿಷಿನ್ ಕೆಟ್ಟಿದ್ರೆ ನೀನು ಹತ್ತು ಜನಕ್ಕೆ ಫೋನ್ ಮಾಡಿ ಬಯ್ದಿರ್ತಿದ್ದೆ. ಒಂಬತ್ತು ದಿನ ಯಾರಿಗೂ ಬಯ್ಲಿಲ್ಲ. ಆವಾಗ್ಲೇ ಗೊತ್ತಾಯ್ತು, ಕೆಡಿಸಿದ್ದು ನಾನು ಅಂತ."

ಒಂದು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇಬ್ಬರೂ ಇದನ್ನು ಬಚ್ಚಿಟ್ಟುಕೊಂಡು ಓಡಾಡಿದ್ದೆವು. ನಾನು ಮಣೆಯ ಮೇಲೆ ಕೂತು ಸೆರಗು ಸರಿಸಿ ಎದೆಯ ನಡುವಿನ ಚುಕ್ಕೆ ತೋರಿಸಿದೆ. ಅತ್ತೆ ಬಗ್ಗಿ ನೋಡಿದರು. ತಮ್ಮ ಮುಂಗೈಯ ಹಚ್ಚೆಯನ್ನು ಅದರ ಪಕ್ಕಕ್ಕೆ ತಂದು ನೋಡಿದರು.

"ಸತ್ತಾಗ ಓಲೆ, ಬಳೆ ಎಲ್ಲ ಬಿಚ್ಕೋತಾರೆ, ಹಚ್ಚೆ ಒಂದೇ ಜೊತೆಗೆ ಬರೋದು ಅಂತಿದ್ಲು ನಮ್ಮವ್ವ," ಎಂದರು. ಬೆರಳಿನಿಂದ ಚುಕ್ಕೆಯನ್ನು ಮೆಲ್ಲಗೆ ತಿಕ್ಕಿದರು. "ಇದು ಹೋಗಲ್ವಾ?"

"ಎಷ್ಟು ತಿಕ್ಕಿದ್ರೂ ಹೋಗಲ್ಲ. ನೀವು ಹಚ್ಚಿ."

ಅವರು ಬಟ್ಟಲಿಗೆ ಬೆರಳು ಅದ್ದಿದರು. ಎಣ್ಣೆ ನೆತ್ತಿಯಿಂದ ಕಿವಿಯ ಹಿಂದೆ ಇಳಿದು, ಕುತ್ತಿಗೆ ದಾಟಿ ಎದೆಗೆ ಬಂತು. ನಾನು ಒರೆಸಿಕೊಳ್ಳಲಿಲ್ಲ.